ದಿನಾ ಬರುವ ರೀಡಿಂಗ್

ಬ್ಯೂರೆಟ್ಟಿಗೆ ಗುಜರಿಯವನು ಎಂಬತ್ತು ಹೇಳಿದ, ಮೂವತ್ತಕ್ಕೆ ತಂದೆ. ಅದೇನೆಂದು ಅವನಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಬೇಕಿತ್ತೆಂದಲ್ಲ, ಬಿಟ್ಟು ಬರಲಾಗಲಿಲ್ಲ. ಲ್ಯಾಬಿನಲ್ಲಿ ದ್ರಾವಣ ಅಳೆಯುವ, ಗೆರೆ ಕೊರೆದ ಆ ಗಾಜಿನ ಕೊಳವೆಯನ್ನು ಮೂಸಿದೆ. ಅಯೋಡಿನ್ ವಾಸನೆ ನಿಜಕ್ಕೂ ಇತ್ತೋ, ಬರೀ ನೆನಪೋ... ಭದ್ರಾವತಿಯ ಪಕ್ಕದ ಮನೆಯ ಅಣ್ಣ ಕಣ್ಣೆದುರು ಬಂದರು.

ನಮ್ಮ ಬೀದಿಗೆ ಅವರೇ ಮೊದಲ ಬಿ.ಎಸ್ಸಿ. ದಿನಾ ರೈಲಿನಲ್ಲಿ ಶಿವಮೊಗ್ಗದ ಕಾಲೇಜಿಗೆ ಹೋಗುತ್ತಿದ್ದರು. ನಾನು ಓದು ಬಿಟ್ಟು ಹಳೇ ಕಬ್ಬಿಣದ ವ್ಯಾಪಾರಕ್ಕೆ ಅದೇ ರೈಲು ಹತ್ತುತ್ತಿದ್ದವನು. ಹುಡುಗರು ಪ್ರಾಕ್ಟಿಕಲ್ ರೆಕಾರ್ಡನ್ನು ಬೋಗಿಯಲ್ಲೇ ಬರೆಯುತ್ತಿದ್ದರು. ಪುಸ್ತಕದ ಉತ್ತರ ಮೊದಲು, ಅದಕ್ಕೆ ಹೊಂದುವ ರೀಡಿಂಗ್ ಆಮೇಲೆ. ಮೇಷ್ಟರಿಗೂ ಗೊತ್ತಿತ್ತು. ಆ ಉತ್ತರ ಬಂದವನಿಗೆ ಮಾರ್ಕು, ಬಾರದವನಿಗೆ ಬೈಗುಳ. ಅಳತೆಯಲ್ಲಿ ಅಣ್ಣನ ಕೈ ಬಹಳ ಶುದ್ಧ, ಆದರೂ ಅವರು ಪುಸ್ತಕವನ್ನೇ ನಂಬಿದರು. ಫಸ್ಟ್ ಕ್ಲಾಸ್ ಬಂತು.

ಕಬ್ಬಿಣ ಎರಕ ಹೊಯ್ಯುವ ಒಂದು ಸಣ್ಣ ಫೌಂಡ್ರಿಯ ಮಾಲೀಕರ ಹತ್ತಿರ ಚೌಕಾಸಿ ಮಾಡಿ ನಾನೇ ಅವರಿಗೆ ಲ್ಯಾಬಿನ ಕೆಲಸ ಕೊಡಿಸಿದೆ. ಇಡೀ ಮನೆ ಆ ಸಂಬಳದ ಮೇಲೆ ನಿಂತಿತು. ಬ್ಯೂರೆಟ್ಟಿನಿಂದ ಅಯೋಡಿನ್ ಹನಿ ಹನಿ ಬಿಟ್ಟು, ಕಬ್ಬಿಣದಲ್ಲಿ ಗಂಧಕ ಎಷ್ಟಿದೆ ಎಂದು ನೋಡಿ ಬರೆಯಬೇಕು. ಹೆಚ್ಚಿದ್ದರೆ ಎರಕ ಸಿಡಿಯುತ್ತದೆ.

ಒಂದು ದಿನ ಗಂಧಕ ದುಪ್ಪಟ್ಟು ಬಂತು. ಮತ್ತೆ ಮಾಡಿದರು, ಅದೇ. ಮತ್ತೂ ಮಾಡಿದರು, ಅದೇ. ಕೊನೆಗೆ ದಿನಾ ಬರುವ ಅಂಕಿಯನ್ನೇ ಬರೆದುಕೊಟ್ಟರು. ಆ ಕಬ್ಬಿಣದ ಗಾಲಿ ಅಕ್ಕಿ ಗಿರಣಿಯಲ್ಲಿ ತಿರುಗಿದ ಮೊದಲ ದಿನವೇ ಸಿಡಿದು ಕೆಲಸದವನೊಬ್ಬನ ಕಾಲು ಹೋಯಿತು.

ಫೌಂಡ್ರಿ ಮಾಲೀಕರು ಎಲ್ಲರೆದುರೇ ವಿಚಾರಿಸಿದರು. ಅಣ್ಣ ಏನನ್ನೂ ಮುಚ್ಚಿಡಲಿಲ್ಲ.

"ಮೂರ್ ಸಲನೂ ಅದೇ ಬಂತು ಅಂತೀರ. ಮತ್ಯಾಕ್ರೀ ಬರೀಲಿಲ್ಲ?"

"ನನ್ ಕೈ ತಪ್ಪಿರ್ಬೇಕು ಅಂದ್ಕೊಂಡೆ ಸಾರ್. ಕಾಲೇಜಲ್ಲಿ ಹಂಗ್ ಬಂದ್ರೆ ಫೇಲು."

"ಕಾಲೇಜಲ್ಲಿ ಫೇಲಾದ್ರೆ ಯಾರ ಕಾಲೂ ಹೋಗಲ್ಲ ಮಾರಾಯ."

ಅಲ್ಲಿಗೆ ಕೆಲಸ ಹೋಯಿತು. ಬೇರೆ ಯಾವ ಫೌಂಡ್ರಿಯೂ ಸೇರಿಸಲಿಲ್ಲ. ಕೊನೆಯವರೆಗೂ ಸೊಸೈಟಿಯಲ್ಲಿ ಸೀಮೆಎಣ್ಣೆ ಅಳೆದರು, ಒಂದು ಹನಿ ಹೆಚ್ಚಿಲ್ಲ, ಕಡಿಮೆಯಿಲ್ಲ. ಕ್ಯೂನಲ್ಲಿ ನಿಂತವರು ಅದಕ್ಕೂ ಬಿಡಲಿಲ್ಲ. "ಬಿ.ಎಸ್ಸಿ. ಸಾರ್, ಇದು ಇವತ್ತಿನ ಅಳತೆನೋ, ನಿನ್ನೇದೋ?" ಅಣ್ಣ ಮುಂದಿನವನ ಕ್ಯಾನಿಗೆ ಕೈ ಚಾಚುತ್ತಿದ್ದರು...

ಈಗ ಅವರಿಲ್ಲ. ಅಂಥ ಕೈಯನ್ನು ಆಮೇಲೆ ನಾನು ಕಂಡಿಲ್ಲ.

ಮಕ್ಕಳನ್ನು ಬಿ.ಎಸ್ಸಿ.ಗೆ ಕಳಿಸುವವರು ಕಳಿಸಿ, ಬೇಡ ಅನ್ನುವುದಿಲ್ಲ. ಫೀಸು ಕಟ್ಟುವ ಮುಂಚೆ ಮೇಷ್ಟರನ್ನು ಒಂದು ಮಾತು ಕೇಳಿ: ಪುಸ್ತಕದಲ್ಲಿಲ್ಲದ ಉತ್ತರ ಬಂದರೆ ಏನು ಮಾಡಿಸುತ್ತೀರಿ? ತಿದ್ದಿಸುತ್ತೇವೆ ಎಂದರೆ ದುಡ್ಡು ಜೇಬಿನಲ್ಲೇ ಇರಲಿ. ಇನ್ನೊಮ್ಮೆ ಮಾಡಿಸುತ್ತೇವೆ, ಅದೇ ಬಂದರೆ ಅದನ್ನೇ ಬರೆಸುತ್ತೇವೆ ಎಂದರೆ ಚೌಕಾಸಿ ಮಾಡದೆ ಕಟ್ಟಿ ಬನ್ನಿ.