ತಂಗಿಯ ಜೀವನಾಂಶಕ್ಕೆ ನಾನು ಹೇಳಿದ ಸಾಕ್ಷಿ

ನಮ್ಮ ಮನೆಯಲ್ಲಿ ‘ಇಲ್ಲ’ ಎನ್ನುವ ಮಾತನ್ನು ಆಡಬಾರದು. ಅದು ಅತ್ತೆಯವರು ಹಾಕಿಕೊಟ್ಟ ಕಟ್ಟಳೆ. ಉಪ್ಪು ಮುಗಿದರೆ ‘ಉಪ್ಪು ತರಬೇಕು’ ಎನ್ನಬೇಕು. ಯಾರಾದರೂ ಹೇಗಿದ್ದೀರಿ ಎಂದು ಕೇಳಿದರೆ, ಹಿಂದಿನ ದಿನ ಗಂಜಿ ಕುಡಿದು ಮಲಗಿದ್ದರೂ ‘ತಾಯಿ ದಯ, ಎಲ್ಲಾ ತುಂಬಿದೆ’ ಎನ್ನಬೇಕು. ಕೊಟ್ಟ ದೇವಿಯ ಮುಂದೆ ಕೊರತೆ ಹೇಳಿಕೊಂಡರೆ ಕೊಟ್ಟದ್ದೂ ಉಳಿಯುವುದಿಲ್ಲ ಎಂದು ಅವರ ನಂಬಿಕೆ, ನನ್ನದೂ ಅದೇ.

ನನ್ನ ತಂಗಿಗೆ ಹದಿನಾರು ವರ್ಷದ ಸಂಸಾರ ಮುರಿದು ವಿಚ್ಛೇದನವಾಗಿತ್ತು. ಮಕ್ಕಳಾಗಲಿಲ್ಲ. ಹಿನಕಲ್ ಕಡೆಯ ಗಂಡನ ಮನೆ ಬಿಟ್ಟು ಚಾಮರಾಜಪುರದ ನಮ್ಮ ಮನೆಗೆ ಬಂದು ಎರಡು ವರ್ಷವಾಗಿತ್ತು. ಜೀವನಾಂಶ ಎಷ್ಟು, ಕೊಡಬೇಕೋ ಬೇಡವೋ ಎನ್ನುವುದೊಂದೇ ಕೋರ್ಟಿನಲ್ಲಿ ಉಳಿದಿತ್ತು. ಅವಳಿಗೆ ಬೇಕಾಗಿದ್ದದ್ದು ದೊಡ್ಡದೇನಲ್ಲ, ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ಸಣ್ಣ ಬಾಡಿಗೆ ಮನೆ. ಅದು ಆ ತೀರ್ಪಿನ ಮೇಲೆಯೇ ನಿಂತಿತ್ತು.

ನಮ್ಮ ವಕೀಲರು ಮೊದಲೇ ತಿಳಿಸಿದ್ದರು. “ಇದು ಅವ್ರಿಗೆ ಶಿಕ್ಷೆ ಕೊಡ್ಸೋಕಲ್ಲಮ್ಮ. ಅವ್ರ ಸಂಪಾದನೆ ಎಷ್ಟು, ಇವ್ರಿಗೆ ದುಡಿಯೋ ದಾರಿ ಇದ್ಯಾ, ಮದುವೇಲಿ ಹೇಗೆ ಬದುಕಿದ್ರು, ಈಗ ಹೇಗಿದ್ದಾರೆ, ಇಷ್ಟೂ ನೋಡ್ತಾರೆ. ಈಗ ಹೇಗಿದ್ದಾರೆ ಅನ್ನೋದನ್ನ ನೀವು ಹೇಳ್ಬೇಕು.” ಇಬ್ಬರೂ ತಮ್ಮ ತಮ್ಮ ವರಮಾನ, ಖರ್ಚಿನ ಪ್ರಮಾಣಪತ್ರ ಕೊಟ್ಟಾಗಿತ್ತು. ಮದುವೆಯಾದ ವರ್ಷವೇ ಗಂಡ ಅವಳನ್ನು ಶಿಶುವಿಹಾರದ ಕೆಲಸದಿಂದ ಬಿಡಿಸಿದ್ದ ವಿಷಯವೂ ಅದರಲ್ಲಿತ್ತು.

ಕಟಕಟೆಯಲ್ಲಿ ನಿಂತು ಮನಸ್ಸಿನಲ್ಲೇ ತಾಯಿಗೆ ಕೈಮುಗಿದೆ. ಎದುರು ಕಡೆಯ ವಕೀಲರು ಬಹಳ ಮರ್ಯಾದಸ್ಥರು. “ನಿಮ್ಮ ತಂಗೀನ ಚೆನ್ನಾಗಿ ನೋಡ್ಕೊತಿದ್ದೀರಿ ಅಲ್ವಾಮ್ಮ? ಊಟಕ್ಕೆ, ಬಟ್ಟೆಗೆ ಏನಾದ್ರೂ ಕೊರತೆ ಇದ್ಯಾ?” ಎಂದರು.

“ಕೊರತೆ ಯಾಕೆ ಸ್ವಾಮಿ? ತಾಯಿ ದಯದಿಂದ ಎಲ್ಲಾ ತುಂಬಿದೆ.”

ಬಾಯಿ ತಾನಾಗಿಯೇ ಆಡಿಬಿಟ್ಟಿತು. ಅದನ್ನು ಟೈಪು ಮಾಡಿಕೊಂಡರು. ವಕೀಲರು ಮುಗುಳ್ನಕ್ಕು ಕುಳಿತರು. ತಂಗಿ ತಲೆ ತಗ್ಗಿಸಿದಳು.

ಇಳಿಯಲು ಹೊರಟವಳನ್ನು ನ್ಯಾಯಾಧೀಶರು ತಡೆದರು. ನನ್ನ ವಯಸ್ಸಿನವರೇ ಆದ ಹೆಂಗಸು.

“ನಿಲ್ಲಿ ಅಮ್ಮ. ನಿಮ್ಮ ತಂಗಿ ಎಲ್ಲಿ ಮಲಗ್ತಾರೆ?”

“ನಡುಮನೇಲಿ. ಚಾಪೆ ಹಾಸ್ಕೊಂಡು.”

“ಬಟ್ಟೆಬರೆ ಎಲ್ಲಿಟ್ಕೊಂಡಿದ್ದಾರೆ?”

“ಸೂಟ್‌ಕೇಸಲ್ಲೇ ಇದೆ. ನಮ್ಮ ಮಂಚದ ಕೆಳಗೆ.”

“ಗಂಡನ ಮನೇಲಿ?”

“ಅವಳದೇ ರೂಮಿತ್ತು. ಬೀರು ಇತ್ತು. ಕಿಟಕಿ ಪಕ್ಕ ಹೊಲಿಗೆ ಮಿಷನ್ನು.”

“ಹುಷಾರಿಲ್ದಿದ್ರೆ?”

“ಹಲ್ಲುನೋವಿಗೆ ಲವಂಗ ಇಟ್ಕೊತಾಳೆ. ಡಾಕ್ಟ್ರ ಹತ್ರ ಮುಂದಿನ ತಿಂಗಳು ಹೋಗೋಣ ಅಂತ ಆರು ತಿಂಗಳಾಯ್ತು.”

ಕೇಳಿದ್ದಕ್ಕೆ ಕೇಳಿದಷ್ಟೇ ಹೇಳಿದೆ. ಅದನ್ನೂ ಬರೆಸಿದರು.

ಹೊರಗೆ ಬಂದ ಮೇಲೆ ತಂಗಿ, “ಎಲ್ಲಾ ತುಂಬಿದೆ ಅಂದ್ಬುಟ್ಯಲ್ಲ ಅಕ್ಕ! ಅವ್ರ ವಕೀಲ್ರು ನಿನಗೇ ಒಂದು ಸೀರೆ ಉಡಿಸ್ಬೇಕು” ಎಂದಳು. ಅಷ್ಟು ಹೇಳಿ ನಕ್ಕಳು, ಆಮೇಲೆ ಅತ್ತಳು. ಮನೆಯಲ್ಲಿ ನಮ್ಮ ಯಜಮಾನರು, “ದೇವ್ರಿಗೆ ಹೇಳೋದನ್ನ ಹೋಗಿ ವಕೀಲ್ರಿಗೆ ಹೇಳಿದ್ದೀಯ ಕಣೆ” ಎಂದರು. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ತೀರ್ಪು ಬರುವವರೆಗೆ ಪ್ರತಿ ಶುಕ್ರವಾರ ತುಪ್ಪದ ದೀಪ ಹಚ್ಚಿದೆ. ಗೆಲ್ಲಿಸು ಎಂದು ಕೇಳಲು ನಾಚಿಕೆ. ನನ್ನ ಮಾತಿನಿಂದ ಅವಳ ಅನ್ನಕ್ಕೆ ಕಲ್ಲು ಬೀಳದಿರಲಿ ಎಂದಷ್ಟೇ ಕೇಳಿದೆ.

ನಾವು ಕೇಳಿದಷ್ಟು ಬರಲಿಲ್ಲ. ಆದರೆ ಬಂತು. ಅಕ್ಕನ ಮನೆಯ ಆಸರೆ ಅಕ್ಕನ ಒಳ್ಳೆಯತನ, ಅದರಿಂದ ಗಂಡನಾಗಿದ್ದವರ ಹೊಣೆ ತೀರುವುದಿಲ್ಲ ಎಂದು ಆದೇಶದಲ್ಲಿ ಬರೆದಿದ್ದರಂತೆ. ಬಾಡಿಗೆಗೆ, ಊಟಕ್ಕೆ, ಔಷಧಿಗೆ ಆಗುವಷ್ಟು ತಿಂಗಳು ತಿಂಗಳು ಅವಳ ಖಾತೆಗೇ ಹಾಕಬೇಕು. ವಕೀಲರು ಓದಿ ಹೇಳುವಾಗ ತಂಗಿ ಎರಡು ಸಲ ಕೇಳಿದಳು, “ಬಾಡಿಗೆ ಅಂತ ಬರೆದಿದ್ದಾರಾ ಸಾರ್?”

ಮುಂದಿನ ವಾರವೇ ಅಶೋಕಪುರದಲ್ಲಿ ಮನೆ ನೋಡಲು ಹೋದೆವು. ಮಹಡಿಯ ಮೇಲೆ ಒಂದು ರೂಮು, ಅಡುಗೆಮನೆ, ಬಟ್ಟೆ ಒಣಗಿಸಲು ಎರಡು ತಂತಿ. ಮನೆಯ ಒಡತಿ ಸೊಂಟದ ಮೇಲೆ ಕೈಯಿಟ್ಟು, “ಎಷ್ಟು ಜನ? ಯಜಮಾನ್ರು ಏನ್ಮಾಡ್ತಾರೆ?” ಎಂದು ಕೇಳಿದರು.

ನಾನು ಏನೋ ಸಮಾಧಾನದ ಮಾತು ಹೇಳಲು ಬಾಯಿ ತೆರೆದೆ. ತಂಗಿ ನನ್ನ ಕೈ ಹಿಡಿದು ಒತ್ತಿದಳು.

“ನಾನೊಬ್ಳೇ ಕಣಮ್ಮ. ಡೈವೋರ್ಸ್ ಆಗಿದೆ. ಕೋರ್ಟಿಂದ ಜೀವನಾಂಶ ಬರುತ್ತೆ, ಬಾಡಿಗೆ ತಪ್ಪಲ್ಲ.”

ಒಡತಿ ಅವಳನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಸೆರಗಿನ ಗಂಟು ಬಿಚ್ಚಿ ಬೀಗದ ಕೈ ತೆಗೆದರು.

“ಕಾವೇರಿ ನೀರು ಬೆಳಿಗ್ಗೆ ಆರಕ್ಕೆ ಬಂದು ಏಳಕ್ಕೆ ಹೋಗ್ಬುಡುತ್ತೆ. ಎದ್ದು ಹಿಡ್ಕೋಬೇಕು, ಆಮೇಲೆ ನನ್ನ ಕೇಳ್ಬೇಡಿ” ಎಂದರು.