ಬಲೆ ಕಚ್ಚಿದ ಹಲ್ಲು

"ಅಮ್ಮಾ, ಅಂಕಲ್ ಸೀಫಸ್ ಹಲ್ಲಿಗೆ ಈಜೋಕೆ ಬರುತ್ತಾ?"

ರೊಶೆಲ್ ಬಾಯಲ್ಲಿದ್ದ ಕಾಫಿಯನ್ನು ಮೊದಲು ನುಂಗಿಕೊಂಡಳು. ಐದು ವರ್ಷದ ನೈಲಾ ಚಮಚವನ್ನು ಬಟ್ಟಲಲ್ಲೇ ನಿಲ್ಲಿಸಿಕೊಂಡು ಉತ್ತರಕ್ಕಾಗಿ ಕಾಯುತ್ತಿದ್ದಳು.

"ಯಾಕೆ ಚಿನ್ನ?"

"ಬರದಿದ್ರೆ ಮುಳುಗಿ ಕೆಳಗೆ ಹೋಗಿರುತ್ತೆ. ಏಡಿ ಹಾಕ್ಕೊಂಡುಬಿಟ್ಟಿರುತ್ತೆ."

"ಏಡಿಗೆ ಹಲ್ಲು ಯಾತಕ್ಕೆ?"

"ಅಗಿಯೋಕೆ," ಎಂದಳು ನೈಲಾ, ಅಮ್ಮನಿಗೆ ಇಷ್ಟೂ ತಿಳಿಯದೇ ಹೋಯಿತಲ್ಲ ಎನ್ನುವ ಮುಖ ಮಾಡಿ.

ಟೋಮಾ ದ್ವೀಪದ ಸ್ಟೇಟ್ ಪಾರ್ಕಿನಲ್ಲಿ, ಆ ಕಡಲಂಚಿನ ಸರ್ಕಾರಿ ಉದ್ಯಾನದಲ್ಲಿ, ಆಗ ಬೇರೆ ಮಾತೇ ಇರಲಿಲ್ಲ. ಕಡಲು ಸೇರುವ ತೊರೆಯ ಜೆಟ್ಟಿಯ ಪಕ್ಕದ ಅಂಗಡಿ ರೊಶೆಲ್‌ಳದು. ಐಸು, ಸೌದೆ, ಬಿಸಿಲಿಗೆ ಹಚ್ಚುವ ಮುಲಾಮು, ಏಡಿ ಹಿಡಿಯುವವರಿಗೆ ದಾರ ಮತ್ತು ಅದಕ್ಕೆ ಎರೆಯಾಗಿ ಕಟ್ಟುವ ಕೋಳಿಯ ಕುತ್ತಿಗೆ, ಇವಿಷ್ಟು ಅಲ್ಲಿ ಮಾರಾಟ. ಕೋಳಿ ಕುತ್ತಿಗೆ ಕೊಳ್ಳಲು ಬಂದವರೆಲ್ಲ ಚಿಲ್ಲರೆ ಇಸಿದುಕೊಳ್ಳುತ್ತ, "ಹಲ್ಲು ಸಿಕ್ತಾ?" ಎಂದು ಕೇಳಿಯೇ ಹೋಗುತ್ತಿದ್ದರು. ಸಮುದ್ರದಂಡೆಯ ಗಟ್ಟಿ ಮರಳಿನಲ್ಲಿ ಸೈಕಲ್ ಹೊಡೆಯುವ ಹುಡುಗರು ಕೂಡ ಬ್ರೇಕು ಹಾಕಿ ಕೇಳುತ್ತಿದ್ದರು.

ಸೀಫಸ್ ಮಿಡಲ್ಟನ್ ಎಂಬ ಪೂರ್ತಿ ಹೆಸರು ಪಾರ್ಕಿನ ಸೂಚನಾ ಫಲಕದ ಮೇಲಷ್ಟೇ ಇತ್ತು. ಉಳಿದಂತೆ ಇಡೀ ದಡಕ್ಕೆ ಅವರು ಅಂಕಲ್ ಸೀಫಸ್. ಪಕ್ಕದ ದ್ವೀಪದಲ್ಲಿ ಹುಟ್ಟಿದವರು. ಸೇತುವೆಯಾಗಲಿ ಪಾರ್ಕಾಗಲಿ ಇಲ್ಲದ ಕಾಲದಲ್ಲಿ ಅಜ್ಜನ ದೋಣಿ ಏರಿ ಇಲ್ಲಿಗೆ ಮೀನಿಗೆ ಬರುತ್ತಿದ್ದರಂತೆ. ದೊಡ್ಡವರಾದ ಮೇಲೆ ಸೀಗಡಿ ದೋಣಿಗಳಲ್ಲಿ ದುಡಿದರು. ಪಾರ್ಕ್ ಆದ ಮೇಲೆ ಇಲ್ಲಿನ ಕೆಲಸಕ್ಕೆ ಸೇರಿ ಊಟದ ಬೆಂಚುಗಳಿಗೆ ಬಣ್ಣ ಬಳಿದರು, ಚಂಡಮಾರುತ ಕೆಡವಿದ ತಾಳೆಮರಗಳನ್ನು ಗರಗಸ ಹಿಡಿದು ಕತ್ತರಿಸಿದರು, ಆಮೆ ಮೊಟ್ಟೆಯಿಟ್ಟ ಮರಳಿನ ಸುತ್ತ ಗೂಟ ನೆಟ್ಟು ಹಗ್ಗ ಬಿಗಿದರು. ನಿವೃತ್ತರಾದ ಮರುವಾರವೇ ಬಂದು ರೇಂಜರ್ ವಿನೊನಾಳ ಮೇಜಿನ ಮುಂದೆ ನಿಂತು, "ಮನೇಲಿ ಕೂತ್ರೆ ವರ್ಡೆಲ್ ನನ್ ಕೈಲಿ ಕಿಟಕಿ ಒರೆಸ್ತಾಳೆ, ಏನಾದ್ರೂ ಕೆಲಸ ಕೊಡು," ಎಂದರು. ವರ್ಡೆಲ್ ಅಂದರೆ ಅವರ ಹೆಂಡತಿ.

ಶನಿವಾರದ ಬಲೆ ಪಾಠ ಶುರುವಾದದ್ದು ಹಾಗೆ. ಕಡಲಿನ ಇಳಿತದ ಹೊತ್ತಿಗೆ ಜೆಟ್ಟಿಯ ಮೇಲೆ ಟೆಂಟಿನವರು, ಕಾರಿನವರು, ದೂರದ ಊರಿನವರು ಬಂದು ಸೇರುತ್ತಿದ್ದರು. ಅಂಕಲ್ ಸೀಫಸ್ ತಾವೇ ಹೆಣೆದ ಬೀಸುಬಲೆ ಹಿಡಿದು ನಡುವೆ ನಿಲ್ಲುತ್ತಿದ್ದರು. ಅಂಚಿನುದ್ದಕ್ಕೂ ಸೀಸದ ಗುಂಡು ಕಟ್ಟಿದ ದುಂಡನೆಯ ಬಲೆ ಅದು. ಎಸೆದರೆ ನೀರಿನ ಮೇಲೆ ರೊಟ್ಟಿಯಂತೆ ಹರಡಿಕೊಂಡು ಬೀಳಬೇಕು.

"ದೇವ್ರು ಕೊಟ್ಟಿರೋದು ಎರಡೇ ಕೈ, ಬಲೆಗೆ ಬೇಕಾಗಿರೋದು ಮೂರು," ಎಂದು ಪಾಠ ಶುರುವಾಗುತ್ತಿತ್ತು. "ಮೂರನೇದು ಎಲ್ಲಿದೆ ಹೇಳಿ ನೋಡೋಣ."

ಯಾರಿಗೂ ಹೊಳೆಯದಿದ್ದಾಗ ಬಲೆಯ ಅಂಚನ್ನು ಎತ್ತಿ ಬಾಯಲ್ಲಿ ಕಚ್ಚಿ ಹಿಡಿಯುತ್ತಿದ್ದರು. ಸೊಂಟ ತಿರುಗಿಸಿ ಬೀಸುವುದು, ಕೈ ಬಿಡುವುದು, ಕಟ್ಟಕಡೆಗೆ ಬಾಯಿ ಬಿಡುವುದು. ಆ ದಡದಲ್ಲಿ ಅವರ ಅಜ್ಜನೂ ಹಾಗೇ ಎಸೆದವನು. ಜೀವಮಾನವೆಲ್ಲ ಹಗ್ಗ ಕಚ್ಚಿ ಅಂಕಲ್ ಸೀಫಸ್ ಅವರ ಮುಂದಿನ ಹಲ್ಲಿನಲ್ಲಿ ಒಂದು ಸಣ್ಣ ಕಚ್ಚು ಬಿದ್ದಿತ್ತು. ಮಕ್ಕಳು ಕೇಳಿದರೆ ಹಿಗ್ಗಿ ಬಾಯಿ ತೆರೆದು ತೋರಿಸುತ್ತಿದ್ದರು.

ಬಲೆಯನ್ನು ಭುಜದ ಮೇಲೆ ಹಾಕಿಕೊಂಡು ಬಾಯಿ ತಾಕಿಸದೆ ಎಸೆಯುವವರೂ ಇದ್ದಾರೆ. ಅವರನ್ನು ಕಂಡರೆ ಅಂಕಲ್‌ಗೆ ತಾತ್ಸಾರ. "ಅದು ಬಲೆ ಬೀಸೋದಲ್ಲ, ಹಾಸಿಗೆ ಕೊಡವೋದು," ಎನ್ನುತ್ತಿದ್ದರು. ರೊಶೆಲ್‌ಗೂ ಈ ಮಾತಿನಿಂದ ವಿನಾಯಿತಿ ಇರಲಿಲ್ಲ. ಚಿಕ್ಕವಳಿದ್ದಾಗ ಅವರಿಂದಲೇ ಕಲಿತವಳು ಅವಳು. ಆದರೆ ನೈಲಾ ಹೊಟ್ಟೆಯಲ್ಲಿದ್ದಾಗ ಕೆಸರಿನ ಹಗ್ಗ ಬಾಯಿಗಿಟ್ಟರೆ ಹೊಟ್ಟೆ ತೊಳಸುತ್ತಿತ್ತು. ಹಾಗಂತ ಸೀಗಡಿ ತಿನ್ನುವ ಆಸೆ ಬಿಟ್ಟಿರಲಿಲ್ಲ. ಗಂಡ ಊರಿನ ಬಸ್ಸು ಓಡಿಸಲು ಹೋದರೆ ಕತ್ತಲಾದ ಮೇಲೆ ಬರುವವನು, ಅವನನ್ನು ಕಾಯುತ್ತ ಕೂರುವುದೂ ಆಗದ ಮಾತು. ಒಬ್ಬಳೇ ತೊರೆಯ ದಂಡೆಯಲ್ಲಿ ನಿಂತು ಭುಜದ ಮೇಲಿಂದ ಎಸೆಯುವುದನ್ನು ರೂಢಿ ಮಾಡಿಕೊಂಡಳು. ಹೆರಿಗೆಯಾದ ಮೇಲೂ ಅದೇ ಉಳಿಯಿತು. ಕೆಸರು ಮೆತ್ತಿದ ಬಾಯಲ್ಲಿ ಕೂಸಿಗೆ ಮುತ್ತು ಕೊಡುವುದಾದರೂ ಹೇಗೆ?

ಬೇಸಿಗೆಯ ಕೊನೆಯಲ್ಲಿ ಅಂಕಲ್ ಸೀಫಸ್ ಅವರ ಹಲ್ಲುಗಳು ಅಲುಗಾಡತೊಡಗಿದವು. ವರ್ಡೆಲ್ ತಡಮಾಡಲಿಲ್ಲ. ತಂಗಿಯ ಮೊಮ್ಮಗಳ ಮದುವೆ ಹತ್ತಿರವಿತ್ತು. "ಫೋಟೋದಲ್ಲಿ ನನ್ ಪಕ್ಕ ಒಂದು ಪೂರ್ತಿ ಬಾಯಿ ಇರ್ಬೇಕು," ಎಂದು ದಂತವೈದ್ಯರ ಬಳಿ ಎಳೆದುಕೊಂಡು ಹೋದರು. ಕಚ್ಚು ಬಿದ್ದ ಹಲ್ಲೂ ಸೇರಿದಂತೆ ಉಳಿದವೆಲ್ಲ ಹೋಗಿ, ಹಾಲಿನಂಥ ಕಟ್ಟಿಸಿದ ಹಲ್ಲಿನ ಹೊಸ ಸೆಟ್ಟು ಬಂತು. ಮದುವೆಯ ಫೋಟೋದಲ್ಲಿ ಅಂಕಲ್ ಸೀಫಸ್ ಮದುಮಗನಿಗಿಂತ ಹೆಚ್ಚು ಬೆಳಗುತ್ತಿದ್ದಾರೆ.

ಮದುವೆಯ ನಂತರದ ಶನಿವಾರ ಜೆಟ್ಟಿ ತುಂಬಿತ್ತು. ದೂರದ ಓಹಾಯೋ ರಾಜ್ಯದಿಂದ ಬಂದ ಕುಟುಂಬವೊಂದು ಮುಂದಿನ ಸಾಲಿನಲ್ಲೇ ನಿಂತಿತ್ತು. ಅಂಕಲ್ ಬಲೆ ಕಚ್ಚಿದರು, ಸೊಂಟ ತಿರುಗಿಸಿದರು, ಕೈ ಬಿಟ್ಟರು, ಸರಿಯಾದ ಕ್ಷಣಕ್ಕೆ ಬಾಯಿಯನ್ನೂ ಬಿಟ್ಟರು. ಹಲ್ಲು ಮಾತ್ರ ಬಲೆ ಬಿಡಲಿಲ್ಲ. ಬಲೆ ಆಕಾಶದಲ್ಲಿ ಎಂದಿನಂತೆ ಚೆಂದವಾಗಿ ಬಿಚ್ಚಿಕೊಂಡಿತು. ಅದರ ಅಂಚಿನಿಂದ ಬೆಳ್ಳಗೆ ಏನೋ ಒಂದು ಸೀಗಡಿಯ ಹಾಗೆ ನೆಗೆದು ತೊರೆಗೆ ಬಿತ್ತು.

ಓಹಾಯೋದ ಚಿಕ್ಕ ಹುಡುಗಿಯೊಬ್ಬಳು ಇದೂ ಆಟದ ಭಾಗ ಎಂದುಕೊಂಡು ಚಪ್ಪಾಳೆ ತಟ್ಟಿದಳು. ಮೊದಲು ನಕ್ಕವರು ಅಂಕಲ್ ಸೀಫಸ್ ಅವರೇ. ಬೋಳು ಬಾಯಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಬಲೆ ಎಳೆದರೆ ಸೀಗಡಿ ಒಂದು ಬಕೆಟ್ಟಿಗೆ ಆಗುವಷ್ಟು. ಹಲ್ಲಿಲ್ಲ.

ನೀರು ಪೂರಾ ಇಳಿದ ಮೇಲೆ ಪಾರ್ಕಿಗೆ ಪಾರ್ಕೇ ಕೆಸರಿಗೆ ಇಳಿಯಿತು. ಕಯಾಕ್ ದೋಣಿಯವರು ಹುಟ್ಟುಗೋಲಿನಿಂದ ಕೆದಕಿದರು, ಚಿಪ್ಪು ಆಯಲು ಹೊರಟವರು ಸಮುದ್ರದಂಡೆ ಬಿಟ್ಟು ತೊರೆಗೆ ಬಂದರು, ನೈಲಾ ಮೊಣಕಾಲವರೆಗೆ ಹೂತು ಚಪ್ಪಲಿ ಕಳೆದುಕೊಂಡಳು. ಸಿಂಪಿಯ ಬಿಳಿ ಚಿಪ್ಪು ಕಂಡಾಗಲೆಲ್ಲ ಯಾರಾದರೂ, "ಸಿಕ್ತು, ಸಿಕ್ತು," ಎನ್ನುತ್ತಿದ್ದರು. ವರ್ಡೆಲ್ ಜೆಟ್ಟಿಯ ಮೇಲೆ ಮಡಚುವ ಕುರ್ಚಿ ಹಾಕಿಸಿಕೊಂಡು ಕೂತು, "ಅಲ್ಲಿ ನೋಡ್ರಿ, ಅಲ್ಲಿ. ಅವ್ರ ಬಾಯಿ ಯಾವಾಗ್ಲೂ ಎಡಗಡೆಗೇ ಓಡೋದು," ಎಂದು ನಿರ್ದೇಶನ ಕೊಡುತ್ತಿದ್ದರು. ಹಲ್ಲು ಸಿಗದಿದ್ದರೂ ಸಂಜೆಗೆ ಮೆಕ್ಕೆಜೋಳದ ನುಚ್ಚು ಬೇಯಿಸಿ, ಮೇಲೆ ಆ ಬಕೆಟ್ಟಿನ ಸೀಗಡಿ ಸುರಿದು, ಹುಡುಕಿದವರಿಗೆಲ್ಲ ಅವರೇ ಬಡಿಸಿದರು.

ನಗು ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಮುಂದಿನ ಶನಿವಾರ ಅಂಕಲ್ ಸೀಫಸ್ ಬರೀ ಒಸಡಿನಲ್ಲಿ ಕಚ್ಚಿ ಎಸೆದು ನೋಡಿದರು. ಹಗ್ಗ ಜಾರಿತು. ಬಲೆ ಮುದ್ದೆಯಾಗಿ ದೊಪ್ಪನೆ ಬಿತ್ತು. ಮತ್ತೆ ಎಸೆದರು, ಮತ್ತೆ ಹಾಗೇ. ಹೊಸ ಸೆಟ್ಟು ಮಾಡಿಸಿದರೂ ಅಷ್ಟೇ ಎಂಬುದು ಅವರಿಗೆ ಗೊತ್ತಾಗಿತ್ತು. "ಕಟ್ಟಿಸ್ಕೊಂಡ ಹಲ್ಲಲ್ಲಿ ಬೆಂಡೆಕಾಯಿ ಅಗೀಬಹುದು, ಬಲೆ ಹಿಡಿಯೋಕಾಗಲ್ಲ," ಎಂದು ಬಲೆಯನ್ನು ಬಕೆಟ್ಟಿಗೆ ತುಂಬಿಕೊಂಡು ಹೋದವರು ಅದರ ಮುಂದಿನ ಶನಿವಾರ ಬರಲಿಲ್ಲ. ವರ್ಡೆಲ್ ಅಂಗಡಿಗೆ ಬಂದಾಗ ದನಿ ತಗ್ಗಿಸಿ ಹೇಳಿದರು: "ಕಿಟಕಿ ಒರೆಸ್ತಿದಾರೆ ಕಣೇ. ನಾನು ಹೇಳ್ದೇನೇ."

ರೇಂಜರ್ ವಿನೊನಾಳೂ ಬಂದಳು, ಸೂಚನಾ ಫಲಕದ ಗಾಜಿನ ಬಾಗಿಲಿನ ಬೀಗದ ಕೈ ಹಿಡಿದುಕೊಂಡು.

"ಪಾಠ ಇಲ್ಲ ಅಂದ್ಮೇಲೆ ಫಲಕದಲ್ಲಿ ಅವರ ಹೆಸರು ಉಳಿಸೋದು ಹೇಗೆ ರೊಶೆಲ್? ಜನ ಬಂದು ಕಾದು ಹೋಗ್ತಿದಾರೆ. ಆ ಹೊತ್ತಿಗೆ ಹಕ್ಕಿ ನೋಡೋ ಕಾರ್ಯಕ್ರಮ ಹಾಕೋಣ ಅಂತಿದೀನಿ."

"ಈ ಶನಿವಾರ ನಾನು ನಿಂತ್ಕೋತೀನಿ. ಹೆಸರು ಮುಟ್ಬೇಡಿ."

"ನೀನಾ? ಹಾಸಿಗೆ ಕೊಡವೋ ಥರ ಎಸೀತೀಯಂತೆ, ಹೇಳ್ತಿದ್ರು."

"ಕೊಡವ್ತೀನಿ. ಅದರಲ್ಲೂ ಸೀಗಡಿ ಬೀಳುತ್ತೆ."

ಹೇಳುವಾಗ ಇದ್ದ ಧೈರ್ಯ ಶನಿವಾರ ಜೆಟ್ಟಿಗೆ ನಡೆಯುವಷ್ಟರಲ್ಲಿ ಅರ್ಧ ಇಳಿದಿತ್ತು. ಇಷ್ಟು ಜನರೆದುರು ಅವಳು ಎಂದೂ ಬಲೆ ಬೀಸಿರಲಿಲ್ಲ. ಜೌಗುಹುಲ್ಲಿನ ಮೇಲೆ ಬಿಸಿಲು ಆಗತಾನೆ ಹಳದಿಯಾಗಿ ಬಿದ್ದಿತ್ತು, ಕೊಕ್ಕರೆಯೊಂದು ಅಂಚಿನಲ್ಲಿ ಒಂಟಿಕಾಲಲ್ಲಿ ನಿಂತಿತ್ತು. ರೊಶೆಲ್ ಬಲೆಯ ಅಂಚನ್ನು ಭುಜಕ್ಕೆ ಹಾಕಿಕೊಂಡು ಮೊದಲ ಸಲ ಎಸೆದಳು. ಮೊಟ್ಟೆಯಾಕಾರಕ್ಕೆ ಹರಡಿತು, ಪರವಾಗಿಲ್ಲ. ಎರಡನೆಯ ಸಲ ಉಸಿರು ಬಿಟ್ಟು, ಭುಜ ಎತ್ತಿ ಎಸೆದಳು. ಬಲೆ ದುಂಡಗೆ ಬಿತ್ತು. ಎಳೆಯುವಾಗ ಒಳಗೆ ಸೀಗಡಿಗಳು ಪಟಪಟನೆ ಹಾರುವುದು ಹಗ್ಗದ ಮೂಲಕ ಅಂಗೈಗೆ ತಿಳಿಯಿತು. ಮಕ್ಕಳು ಬಕೆಟ್ಟಿಗೆ ಮುಗಿಬಿದ್ದರು. ನೈಲಾ ಎಲ್ಲರಿಗೂ, "ಬೆನ್ನಿನ ಮೇಲೆ ಹಿಡೀಬೇಕು, ಮೂತಿ ಚುಚ್ಚುತ್ತೆ," ಎಂದು ಹೇಳಿಕೊಡುತ್ತಿದ್ದಳು.

ಆಗಲೇ ರೊಶೆಲ್ ನೋಡಿದ್ದು: ಓಕ್ ಮರದ ನೆರಳಲ್ಲಿ ಅಂಕಲ್ ಸೀಫಸ್ ಅವರ ಹಳೆಯ ಗಾಡಿ ನಿಂತಿತ್ತು. ಗಾಜು ಇಳಿದಿತ್ತು.

ಜನರೆಲ್ಲ ಚದುರಿದ ಮೇಲೆ ಅವರು ನಿಧಾನವಾಗಿ ಜೆಟ್ಟಿಗೆ ಬಂದರು. ಬಕೆಟ್ಟಿಗೆ ಬಗ್ಗಿ ನೋಡಿದರು. ಒಂದು ಸೀಗಡಿ ಎತ್ತಿ, ಅಳತೆ ಹಿಡಿದು, ವಾಪಸ್ಸು ಹಾಕಿದರು.

"ಎಷ್ಟೊತ್ತಿಂದ ಗಾಡೀಲಿ ಕೂತಿದ್ರಿ?" ಎಂದಳು ರೊಶೆಲ್.

"ಕೂತಿರ್ಲಿಲ್ಲ. ಟೈರಿಗೆ ಗಾಳಿ ಇದೆಯಾ ನೋಡ್ತಿದ್ದೆ."

"ಒಳಗೆ ಕೂತ್ಕೊಂಡಾ?"

ಅವರು ಬಲೆಯ ಒದ್ದೆ ಅಂಚನ್ನು ಬೆರಳಲ್ಲಿ ತಿರುವುತ್ತ ನಿಂತರು. ಆ ಬಲೆ ಅವರೇ ಹೆಣೆದು ಅವಳ ಮದುವೆಗೆ ಕೊಟ್ಟದ್ದು.

"ಮೊದಲ್ನೇದು ಸೊಟ್ಟಗೆ ಬಿತ್ತು."

"ಗೊತ್ತು."

"ಎರಡನೇದಕ್ಕೆ ಭುಜ ಎತ್ತಿದೆಯಲ್ಲ ಮಗಳೇ, ಅದ್ಯಾಕೆ?"

"ಎತ್ತದಿದ್ರೆ ಅಂಚು ಬಟ್ಟೆಗೆ ಸಿಕ್ಕೊಳ್ಳುತ್ತೆ. ಎತ್ತಿದ್ರೆ ತಾನಾಗೇ ಜಾರಿ ಹೋಗುತ್ತೆ, ಬಿಡೋ ಕೆಲಸ ಇಲ್ಲ."

"ತಾನಾಗೇ ಹೋಗುತ್ತಾ." ಅವರು ತಮ್ಮ ಬಲಭುಜವನ್ನು ಒಂದಿಷ್ಟು ಎತ್ತಿ ಇಳಿಸಿದರು, ಯಾರೋ ಬೇರೆಯವರ ಭುಜವನ್ನು ಪರೀಕ್ಷಿಸುವವರ ಹಾಗೆ. ನೈಲಾ ಜೆಟ್ಟಿಯ ತುದಿಯಲ್ಲಿ ಬೋರಲು ಮಲಗಿ ನೀರು ನೋಡುತ್ತಿದ್ದಳು. ಅವಳಿಗೆ ಕೇಳಿಸದಿರಲೆಂದು ರೊಶೆಲ್ ಹತ್ತಿರ ಬಂದು ಅಂಕಲ್ ಸೀಫಸ್ ದನಿ ತಗ್ಗಿಸಿದರು.

"ಸೋಮವಾರ ಇಲ್ಲಿ ಯಾರೂ ಇರಲ್ಲ. ಇಳಿತದ ಹೊತ್ತಿಗೆ ನೀನೊಬ್ಬಳೇ ಬಾ. ವರ್ಡೆಲ್‌ಗೆ ಹೇಳ್ಬೇಡ, ವಿನೊನಾಗೂ ಬೇಡ. ಆ ಭುಜದ ಮೇಲಿಂದ ಎಸೆಯೋದು ನಂಗೆ ಕಲಿಸ್ಕೊಡ್ತೀಯಾ ಮಗಳೇ?"