ವಿಮ್‌ನ ಹುಟ್ಟುಹಬ್ಬಕ್ಕೆ ಇಟ್ಟ ಎಡೆ

ಗದಗಿನ ವೀರಣ್ಣ ಹೆದರುತ್ತಿದ್ದದ್ದು ಎರಡಕ್ಕೇ: ಹೆಂಡತಿ ಶಿವಗಂಗವ್ವನ ಬಾಯಿಗೆ, ಮತ್ತೆ ಪರದೇಶದಲ್ಲಿರಲು ಬೇಕಾದ ಪರ್ಮಿಟ್ಟಿಗೆ ಠಸ್ಸೆ ಒತ್ತುವ ಪೊಲೀಸ್ ಕಚೇರಿಗೆ. ಮೂರನೆಯದೊಂದು ಆಮೇಲೆ ಸೇರಿತು. ಅದರ ಕಥೆ ಇದು.

ಡಚ್ಚರ ನಾಡಿನ ಬಾಡ್‌ಹೂವೆಡಾರ್ಪ್ ಎಂಬ ಊರಿನ ಹೊರಗೆ, ವಿಮಾನಗಳು ತಲೆ ಸವರಿಕೊಂಡು ಇಳಿಯುವ ಕಡೆ, ವಿಮಾನದ ಬಿಡಿಭಾಗ ಮಾಡುವ ಕಾರ್ಖಾನೆಯೊಂದಿತ್ತು. ಅದರ ಬಣ್ಣದ ಶೆಡ್ಡಿನಲ್ಲಿ ವೀರಣ್ಣನ ಕೆಲಸ. ತೊಂಬತ್ತೇಳರಲ್ಲಿ ಕಾರ್ಖಾನೆ ದಿವಾಳಿ ಎದ್ದಿತು. ಕೋರ್ಟಿನವರು ಬಂದು ಶೆಡ್ಡಿಗೆ ಮೊಹರು ಹಾಕಿದರು. ಕೊಳ್ಳುತ್ತೇನೆಂದು ಒಬ್ಬ ಧಣಿ ಬಂದ, ಷರತ್ತನ್ನೂ ತಂದ: ಬಣ್ಣದ ಗಾಳಿ ಕುಡಿದು ಎದೆ ಕೆಟ್ಟವರಿಗೂ ಸತ್ತವರ ಹೆಂಡಿರಿಗೂ ಸಿಗುತ್ತಿದ್ದ ಪರಿಹಾರವನ್ನು ಕಾರ್ಮಿಕ ಸಂಘ ಬಿಟ್ಟುಕೊಡಬೇಕು. ಒಪ್ಪಿದರೆ ಎಲ್ಲರಿಗೂ ಕೆಲಸ, ಇಲ್ಲದಿದ್ದರೆ ಬೀಗ. ಬೀಗ ಬಿದ್ದರೆ ವೀರಣ್ಣನ ಪರ್ಮಿಟ್ಟೂ ಮುಗಿಯಿತು. ಡಚ್ಚಿನಲ್ಲೇ ಜಗಳವಾಡುವ ಮಗಳು ಸ್ಮಿತಾಳನ್ನು ಶಾಲೆ ಬಿಡಿಸಿ, ಗಂಟುಮೂಟೆ ಕಟ್ಟಬೇಕು.

ಸಂಘ ಮತಕ್ಕೆ ಹಾಕಿದಾಗ ಒಪ್ಪಿಗೆಗೇ ಕೈ ಎತ್ತುವುದೆಂದು ಅವನು ಗಟ್ಟಿ ಮಾಡಿಕೊಂಡಿದ್ದ. ಆದರೆ ವಿಮ್‌ನ ನೆನಪು ಎದೆಯಲ್ಲಿ ಚುಚ್ಚುತ್ತಿತ್ತು.

ವಿಮ್ ಅವನ ಜೋಡಿ. "ಪಾತ್ರಿ ತಿಕ್ಕೋ ಪುಡೀ ಹೆಸರು ಇಟ್ಕೊಂಡಾನಲ್ರೀ!" ಎಂದು ಶಿವಗಂಗವ್ವ ನಗುತ್ತಿದ್ದಳು. ಒಂದೇ ತುಂಡಿನ ಆ ಬದಿಗೆ ವಿಮ್, ಈ ಬದಿಗೆ ವೀರಣ್ಣ ನಿಂತು ಹಸಿರು-ಹಳದಿ ಪ್ರೈಮರ್ ಬಣ್ಣ ಹೊಡೆಯುತ್ತಿದ್ದರು. ಮುಖಕ್ಕೆ ಮಾಸ್ಕ್, ಕಿವಿ ಕಿವುಡಾಗುವ ಗದ್ದಲ, ಮಾತು ಎಲ್ಲಿಂದ ಬರಬೇಕು? ಒಂದು ತುಂಡು ಮುಗಿದರೆ ವಿಮ್ ಬಂದು ವೀರಣ್ಣನ ಮೊಣಕೈ ಕೆಳಗೆ ಹೆಬ್ಬೆರಳೊತ್ತಿ ಮೇಲಕ್ಕೆ ತಳ್ಳುತ್ತಿದ್ದ. ಬಾ, ಮುಂದಿನ ಕೆಲಸಕ್ಕೆ ಎಂದು ಅದರ ಅರ್ಥ. ಹೋದ ಚಳಿಗಾಲದಲ್ಲಿ ವಿಮ್ ಕೆಮ್ಮಿ ಕೆಮ್ಮಿ ಸತ್ತ. ಅವನ ಹೆಂಡತಿಯ ಪರಿಹಾರವೂ ಈಗ ಈ ಮತದಲ್ಲೇ ಸಿಕ್ಕಿಕೊಂಡಿತ್ತು.

ಡಚ್ಚರು ಹುಟ್ಟುಹಬ್ಬದ ಕ್ಯಾಲೆಂಡರನ್ನು ಕಕ್ಕಸಿನ ಗೋಡೆಗೆ ತೂಗುಹಾಕುತ್ತಾರೆ, ನಂಬಿದರೆ ನಂಬಿ! ಸತ್ತವರ ಹೆಸರನ್ನೂ ಅದರಿಂದ ಅಳಿಸುವುದಿಲ್ಲ. ಮತದ ಹಿಂದಿನ ದಿನ ಕಾರ್ಖಾನೆಯ ಕಕ್ಕಸಿನಲ್ಲಿ ಕೂತಿದ್ದಾಗ ವೀರಣ್ಣನ ಕಣ್ಣಿಗೆ ಬಿತ್ತು: ನಾಳೆಯೇ ವಿಮ್ ಹುಟ್ಟಿದ ದಿನ. ಹಬ್ಬದವನೇ ಕೇಕು ತರಬೇಕು, ಮಿಕ್ಕವರು ಕೈ ಕುಲುಕಿ ತಿನ್ನಬೇಕು, ಅಲ್ಲಿಯ ಪದ್ಧತಿ ಅದು. ಸತ್ತವನು ಎಲ್ಲಿಂದ ತಂದಾನು? ಊರಿನಲ್ಲಿ ಹಿರಿಯರಿಗೆ ಎಡೆ ಇಡುವುದಿಲ್ಲವೆ, ಹಾಗೇ ಇಟ್ಟರಾಯಿತು ಎಂದುಕೊಂಡ ಪುಣ್ಯಾತ್ಮ.

ಮರುದಿನ ಮತಕ್ಕೆಂದು ಎಲ್ಲರೂ ಸೇರಿದ್ದ ಕ್ಯಾಂಟೀನಿನಲ್ಲಿ ವಿಮ್‌ನ ಖಾಲಿ ಕುರ್ಚಿಯ ಮುಂದೆ ಸೇಬಿನ ಕೇಕಿನ ಒಂದು ತುಂಡು, ಒಂದು ಕಪ್ ಕಾಫಿ ಇಟ್ಟ. "ತಪ್ಪು ತಿಳೀಬ್ಯಾಡೋ ಮಾರಾಯಾ, ಮಗಳ ಸಲುವಾಗಿ ಕೈ ಎತ್ತಾಕತ್ತೀನಿ. ಬಾ, ತಿನ್ನು," ಎಂದು ಪಿಸುಗುಟ್ಟಿದ. ಉಳಿದ ಕೇಕನ್ನು ಯಾರೂ ಮುಟ್ಟಲಿಲ್ಲ. ಆ ಮೇಜಿನಲ್ಲಿದ್ದವರು ತಮ್ಮ ಕುರ್ಚಿಗಳನ್ನು ಮೆಲ್ಲಗೆ ದೂರ ಎಳೆದುಕೊಂಡರು.

"ಒಪ್ಪುವವರು ಕೈ ಎತ್ತಿ," ಎಂದ ಸಂಘದ ಮುಖಂಡ.

ವೀರಣ್ಣನ ಕೈ ಏಳಲಿಲ್ಲ. ವಿಮ್‌ನ ಹೆಂಡತಿ ಗಂಡನ ಮಣ್ಣಿನ ದಿನ ಇದೇ ಕೈ ಹಿಡಿದು ಅತ್ತದ್ದು ನೆನಪಾಯಿತು. ನಾಚಿಕೆಯಿಂದ ಸತ್ತುಹೋಗಬೇಕು ಅನ್ನಿಸಿತು. ಆಗ ಮೊಣಕೈ ಕೆಳಗೆ ತಣ್ಣಗೆ ಏನೋ ಒತ್ತಿತು. ಹೆಬ್ಬೆರಳು. ಕೈ ತಾನಾಗಿ ಮೇಲಕ್ಕೆ ಹೋಯಿತು. ವಿಮ್‌ನ ಗೆಳೆಯನೇ ಎತ್ತಿದ್ದು ಕಂಡು ಹಿಂಜರಿಯುತ್ತಿದ್ದವರೂ ಎತ್ತಿದರು. ಷರತ್ತು ಪಾಸಾಯಿತು. ವೀರಣ್ಣ ತಿರುಗಿ ನೋಡಿದ. ಹಿಂದೆ ಬರಿಯ ಗೋಡೆ. ಕುರ್ಚಿಯ ಮುಂದಿನ ಕಾಫಿ ಕಪ್ಪು ಬರಿದಾಗಿತ್ತು.

ಹೆದರಿಕೆಗಿಂತ ಸಮಾಧಾನವೇ ಹೆಚ್ಚಾಯಿತು ಅವನಿಗೆ. ವಿಮ್ ಕ್ಷಮಿಸಿದ! ಮನೆಗೆ ಬಂದು ಸ್ಮಿತಾಳನ್ನು ಎತ್ತಿ ತಿರುಗಿಸಿದ. "ನಾವು ಇಲ್ಲೇ ಇರ್ತೀವಾ ಅಪ್ಪಾ?" ಎಂದಳು ಆಕೆ. "ಇಲ್ಲೇ ಇರ್ತೀವಿ," ಎಂದ.

ಒಗೆಯಲು ಅಂಗಿ ತೆಗೆದುಕೊಂಡ ಶಿವಗಂಗವ್ವ ನಿಂತುಬಿಟ್ಟಳು. ಮೊಣಕೈ ಹತ್ತಿರ ಹಸಿರು-ಹಳದಿ ಹೆಬ್ಬೆರಳಿನ ಗುರುತು, ಇನ್ನೂ ಹಸಿ. "ಶೆಡ್ಡಿಗೆ ಬೀಗ ಐತಿ ಅಂತೀರಿ, ಈ ಬಣ್ಣಾ ಎಲ್ಲಿಂದ ಬಂತ್ರೀ?"

ಅವನು ಎಲ್ಲವನ್ನೂ ಹೇಳಿದ. ಅವಳು ಹಣೆ ಬಡಿದುಕೊಂಡಳು.

"ಅಯ್ಯ ನನ್ನ ಶಿವನೇ! ಹುಟ್ಟಿದ ದಿನಾ ಯಾರರ ಸತ್ತವ್ರಿಗೆ ಎಡಿ ಇಡತಾರೇನ್ರೀ? ಸತ್ತ ದಿನಾ ಇಟ್ರ ಉಂಡು ಹೋಗ್ತಾರ. ಹುಟ್ಟಿದ ದಿನಾ ಬಾ ಅಂತ ಕರದ್ರ, ಬಂದವ್ರು ಹೋಗೂದಿಲ್ಲ!"

ಸೋಮವಾರ ಶೆಡ್ಡಿನ ಮೊಹರು ಒಡೆದರು. ವೀರಣ್ಣನ ಮಾಸ್ಕ್ ಪಕ್ಕದ ಮೊಳೆಯಲ್ಲಿ ವಿಮ್‌ನ ಮಾಸ್ಕ್ ತೂಗುತ್ತಿತ್ತು. ವಿಮ್ ಸತ್ತಾಗ ಅದನ್ನು ವೀರಣ್ಣನೇ ಕೈಯಾರೆ ಕಸಕ್ಕೆ ಹಾಕಿದ್ದ. ಮುಟ್ಟಿ ನೋಡಿದ. ಒಳಗೆ ಉಸಿರಿನ ಹಸಿ ಇತ್ತು.

"ಇವತ್ತು ನೀನೊಬ್ಬನೇ ವೀರಣ್ಣ, ಜೋಡಿ ಇನ್ನೂ ಸಿಕ್ಕಿಲ್ಲ," ಎಂದ ಮೇಸ್ತ್ರಿ.

ಹಿಂದಕ್ಕೆ ಹೋಗೋಣವೆಂದರೆ ಸ್ಮಿತಾ ಆಗಲೇ ಶಾಲೆಯಲ್ಲಿ ಕೂತಿದ್ದಳು. ವೀರಣ್ಣ ಮಾಸ್ಕ್ ಕಟ್ಟಿಕೊಂಡು ಒಳಗೆ ಹೋದ. ಎದೆಯಲ್ಲಿ ಸಣ್ಣಗೆ ಕೆರೆದಂತಾಗಿ ಕೆಮ್ಮಿದ. ತುಂಡಿನ ಆ ಬದಿಯಿಂದಲೂ ಕೆಮ್ಮು ಕೇಳಿಸಿತು. ಆಮೇಲೆ ಮೊಣಕೈ ಕೆಳಗೆ ತಣ್ಣಗೆ ಹೆಬ್ಬೆರಳು ಒತ್ತಿತು: ಬಾ, ಮುಂದಿನ ಕೆಲಸಕ್ಕೆ. ಮೊನ್ನೆಯೂ ಅದು ಕ್ಷಮೆಯಾಗಿರಲಿಲ್ಲ ಎಂದು ವೀರಣ್ಣನಿಗೆ ಈಗ ತಿಳಿಯಿತು.